24ನೇ ವಯಸ್ಸಿಗೆ ಚಿಕನ್‌ಪಾಕ್ಸ್ ಬರುತ್ತಾ?

ಪ್ರಶ್ನೆ: ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್‌ಗೆ ಮೈತುಂಬಾ ಗುಳ್ಳೆ ಎದ್ದಿವೆ. ಚಿಕನ್‌ಪಾಕ್ಸ್ ಅಂತ ಡಾಕ್ಟರ್ ನಿನ್ನೆ ಹೇಳಿದರು. ಇದು ಚಿಕ್ಕ ಮಕ್ಕಳ ಕಾಯಿಲೆ ಅಲ್ವಾ? ನಮಗಿಬ್ಬರಿಗೂ 24 ವರ್ಷ. ಬಿಸಿಲು ಜಾಸ್ತಿಯಾಗಿ ಬಂತು ಅಂತ ಎಲ್ಲರೂ ಹೇಳುತ್ತಿದ್ದಾರೆ. ನನಗೆ ಸಣ್ಣವಳಿದ್ದಾಗ ಬಂದಿತ್ತಾ ಅಂತ ಕೇಳಿದರೆ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಉತ್ತರ: ಚಿಕನ್‌ಪಾಕ್ಸ್, ಅಂದರೆ ಸೀತಾಳೆ ಸಿಡುಬು, ವಯಸ್ಸು ನೋಡಿ ಬರುವುದಿಲ್ಲ. ಮೊದಲು ಬಂದಿಲ್ಲದವರಿಗೆ, ಲಸಿಕೆ ಹಾಕಿಸಿಕೊಂಡಿಲ್ಲದವರಿಗೆ ಬರುತ್ತದೆ, ಅಷ್ಟೇ. ಚಳಿ ದೇಶಗಳಲ್ಲಿ ಲಸಿಕೆ ಬರುವ ಮುಂಚೆ ಹತ್ತು ವರ್ಷ ತುಂಬುವುದರೊಳಗೆ ಬಹುತೇಕ ಮಕ್ಕಳಿಗೆ ಬಂದು ಹೋಗುತ್ತಿತ್ತು. ಅದಕ್ಕೇ ‘ಮಕ್ಕಳ ಕಾಯಿಲೆ’ ಅನ್ನುವ ಹೆಸರು ಅಂಟಿಕೊಂಡಿತು. ನಮ್ಮಂಥ ಉಷ್ಣ ದೇಶಗಳಲ್ಲಿ ಹಾಗಲ್ಲ. ಇಲ್ಲಿ ಇದು ತಡವಾಗಿ ಹರಡುತ್ತದೆ, ಎಷ್ಟೋ ಜನ ಇದನ್ನು ಕಾಣದೆಯೇ ದೊಡ್ಡವರಾಗುತ್ತಾರೆ, ಆಮೇಲೆ ಹಾಸ್ಟೆಲ್ಲೋ ಆಫೀಸೋ ಸೇರಿ ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗಿದಾಗ ಸಿಕ್ಕಿಹಾಕಿಕೊಳ್ಳುತ್ತಾರೆ. ಹಾಗಾಗಿ 24ಕ್ಕೆ ಬಂದರೆ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಇನ್ನು ಬಿಸಿಲು. ಗುಳ್ಳೆ ಏಳುವುದು ವೈರಸ್‌ನಿಂದ, ಮೈ ಉಷ್ಣದಿಂದಲ್ಲ. ಆದರೆ ಜನ ಸುಮ್ನೆ ಹೇಳುತ್ತಿಲ್ಲ, ಇದಕ್ಕೆ ನಿಜಕ್ಕೂ ಒಂದು ಕಾಲ ಇದೆ. ಚಳಿ ದೇಶಗಳಲ್ಲಿ ಚಳಿಗಾಲದ ಕೊನೆ ಮತ್ತು ವಸಂತದಲ್ಲಿ, ಉಷ್ಣ ದೇಶಗಳಲ್ಲಿ ತಂಪಾದ ಒಣ ತಿಂಗಳುಗಳಲ್ಲಿ ಹೆಚ್ಚು. ಶಾಲೆಗೆ ರಜೆ ಬಿಟ್ಟರೆ ಕಡಿಮೆಯಾಗುತ್ತದೆ. ವೈರಸ್ ಒಳಹೊಕ್ಕ 10ರಿಂದ 21 ದಿನಕ್ಕೆ ಗುಳ್ಳೆ ಏಳುತ್ತವೆ. ಮಾರ್ಚ್ 20ಕ್ಕೆ ಎದ್ದರೆ ಸೋಂಕು ತಗುಲಿದ್ದು ಹೆಚ್ಚುಕಡಿಮೆ ಮಾರ್ಚ್ ಮೊದಲ ವಾರದಲ್ಲಿ, ಆಗಿನ್ನೂ ಬಿಸಿಲು ಪೂರ್ತಿ ಏರಿರುವುದಿಲ್ಲ. ತಪ್ಪು ಮಾತ್ರ ಬಿಸಿಲಿನ ತಲೆ ಮೇಲೆ!

ನಿಮ್ಮ ವಿಷಯಕ್ಕೆ ಬರುತ್ತೇನೆ. ಗುಳ್ಳೆ ಕಾಣಿಸುವ 1-2 ದಿನ ಮೊದಲೇ ಇದು ಗಾಳಿಯಲ್ಲಿ ಹರಡಲು ಶುರುವಾಗಿರುತ್ತದೆ. ಒಂದೇ ಮನೆಯಲ್ಲಿರುವ, ಹಿಂದೆ ಬಂದಿಲ್ಲದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ತಗಲುತ್ತದೆ. ಹಿಂದೆ ಬಂದಿತ್ತಾ ಅನ್ನುವುದನ್ನು ರಕ್ತ ಪರೀಕ್ಷೆಯಿಂದ ತಿಳಿಯಬಹುದು. ಸಂಪರ್ಕವಾದ 3 ದಿನದೊಳಗೆ, ತೀರಾ ತಡ ಅಂದರೆ 5 ದಿನದೊಳಗೆ ಲಸಿಕೆ ಹಾಕಿಸಿಕೊಂಡರೆ ಕಾಯಿಲೆ ತಪ್ಪಬಹುದು, ಇಲ್ಲವೇ ಹಗುರಾಗಬಹುದು. ನಿಮ್ಮ ಪತ್ರ ಅಚ್ಚಾಗುವ ಹೊತ್ತಿಗೆ ಆ ಐದು ದಿನ ಕಳೆದಿರುತ್ತದೆ ಬಿಡಿ, ಇದು ಉಳಿದವರಿಗೆ. ದೊಡ್ಡವರಿಗೆ ಎರಡು ಡೋಸ್, ನಡುವೆ 4ರಿಂದ 8 ವಾರ. ಗರ್ಭಿಣಿಯರಿಗೆ ಈ ಲಸಿಕೆ ಕೊಡುವುದಿಲ್ಲ.

ನಿಮಗೂ ಬಂದರೆ ಮೊದಲು ಜ್ವರ, ಮೈಕೈ ನೋವು. ಆಮೇಲೆ ಎದೆ, ಬೆನ್ನು, ಮುಖದಲ್ಲಿ ಕೆಂಪು ಚುಕ್ಕೆ, ಅದರ ಮೇಲೆ ಒಂದು ಹನಿ ನೀರು ಕೂತಂತೆ ಗುಳ್ಳೆ. ಒಂದು ಕಡೆ ಹಳೆಯವು ಒಣಗುತ್ತಿದ್ದರೆ ಪಕ್ಕದಲ್ಲೇ ಹೊಸವು ಏಳುತ್ತಿರುತ್ತವೆ. ಕನ್ನಡಿ ನೋಡುತ್ತಾ ಕೂರಬೇಡಿ, ಗುಳ್ಳೆ ಕಂಡ 24 ಗಂಟೆಯೊಳಗೆ ಡಾಕ್ಟರ ಹತ್ತಿರ ಹೋಗಿ. ವೈರಸ್ ತಡೆಯುವ ಅಸೈಕ್ಲೊವಿರ್ ಮಾತ್ರೆ ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಮಕ್ಕಳಿಗಿಂತ ದೊಡ್ಡವರಿಗೆ ಇದು ಜೋರಾಗಿಯೇ ಬರುತ್ತದೆ, ನ್ಯುಮೋನಿಯಾ ಆಗುವ ಭಯವೂ ಜಾಸ್ತಿ, ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ. ಕೆಮ್ಮು, ಉಸಿರಾಟಕ್ಕೆ ಕಷ್ಟ ಆದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಎಲ್ಲ ಗುಳ್ಳೆಯೂ ಹಕ್ಕಳೆ ಕಟ್ಟುವವರೆಗೆ ರೂಮಿನಲ್ಲೇ ಇರಿ. ‘ನಾಲ್ಕೇ ಗುಳ್ಳೆ’ ಅಂತ ಫುಲ್ ತೋಳಿನ ಅಂಗಿ ಹಾಕಿಕೊಂಡು ಕ್ಲಾಸಿಗೆ ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಒಮ್ಮೆ ಬಂದರೆ ಮತ್ತೆ ಬರಲ್ಲ ಅಲ್ವಾ?

ಉತ್ತರ: ಸಾಮಾನ್ಯವಾಗಿ ಬರುವುದಿಲ್ಲ. ಆದರೆ ವೈರಸ್ ಮೈಬಿಟ್ಟು ಹೋಗುವುದೂ ಇಲ್ಲ, ನರಗಳ ಬುಡದಲ್ಲಿ ಮಲಗಿರುತ್ತದೆ. ವರ್ಷಗಳ ಮೇಲೆ ಕೆಲವರಲ್ಲಿ ಸರ್ಪಸುತ್ತಾಗಿ ಏಳುತ್ತದೆ. ಆ ಗುಳ್ಳೆಯ ನೀರು ತಾಗಿದರೆ, ಹಿಂದೆ ಬಂದಿಲ್ಲದವರಿಗೆ ಚಿಕನ್‌ಪಾಕ್ಸ್ ಬರಬಹುದು.