ಮಾತು ಮನುಷ್ಯರದು, ಬಾಯಿ ಮಣ್ಣಿನ ಪ್ರಾಣಿಯದು

ಪ್ರಶ್ನೆ: ‘ಕ್ರೀಚರ್ ಕಂಫರ್ಟ್ಸ್’ ಎಂಬ ಬ್ರಿಟಿಷ್ ಕಿರುಚಿತ್ರವನ್ನು ಇತ್ತೀಚೆಗೆ ನೋಡಿದೆ. ಮೃಗಾಲಯದಲ್ಲಿರುವ ಮಣ್ಣಿನ ಪ್ರಾಣಿಗಳು ಮೈಕಿನ ಮುಂದೆ ಕುಳಿತು ಸಂದರ್ಶನ ಕೊಡುತ್ತವೆ. ಅವು ತಡವರಿಸುವುದು, ಮಾತನ್ನು ಅರ್ಧಕ್ಕೆ ನಿಲ್ಲಿಸಿ ಯೋಚಿಸುವುದು ಎಲ್ಲವೂ ಪಕ್ಕದ ಮನೆಯವರು ಮಾತನಾಡಿದಂತೆಯೇ ಇದೆ. ಇಷ್ಟು ಸಹಜವಾದ ಸಂಭಾಷಣೆಯನ್ನು ಬರೆದವರು ಯಾರು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅದನ್ನು ಯಾರೂ ಬರೆದಿಲ್ಲ. ನೀವು ಕೇಳಿಸಿಕೊಂಡದ್ದು ನಿಜವಾಗಿಯೂ ಜನಸಾಮಾನ್ಯರ ಮಾತು. ಬ್ರಿಸ್ಟಲ್ ನಗರದ ಆರ್ಡ್‌ಮನ್ ಸ್ಟುಡಿಯೋದಲ್ಲಿ ನಿಕ್ ಪಾರ್ಕ್ ಅವರು 1989ರಲ್ಲಿ ಈ ಚಿತ್ರವನ್ನು ಮಾಡಿದಾಗ, ಮೊದಲು ಸಿದ್ಧವಾದದ್ದು ಗೊಂಬೆಗಳಲ್ಲ, ಧ್ವನಿಮುದ್ರಣ. ಮೃಗಾಲಯದ ಪ್ರಾಣಿಗಳ ಬದುಕು ಹೇಗಿರಬಹುದು, ನಿಮ್ಮ ಮನೆ ನಿಮಗೆ ಅನುಕೂಲವಾಗಿದೆಯೇ ಎಂಬಂತಹ ಸರಳ ಪ್ರಶ್ನೆಗಳನ್ನು ಸಾಮಾನ್ಯ ಜನರಿಗೆ ಕೇಳಿ, ಅವರು ಕೊಟ್ಟ ಉತ್ತರಗಳಿಂದ ಆಯ್ದ ತುಣುಕುಗಳನ್ನು ಯಾವ ಧ್ವನಿಗೆ ಯಾವ ಪ್ರಾಣಿ ಒಪ್ಪುತ್ತದೆ ಎಂದು ಯೋಚಿಸಿ ಜೋಡಿಸಲಾಯಿತು. ಇದು ಆ ಸ್ಟುಡಿಯೋಗೆ ಹೊಸದೇನೂ ಆಗಿರಲಿಲ್ಲ. 1972ರಲ್ಲಿ ಅದನ್ನು ಆರಂಭಿಸಿದ ಪೀಟರ್ ಲಾರ್ಡ್ ಮತ್ತು ಡೇವಿಡ್ ಸ್ಪ್ರಾಕ್ಸ್‌ಟನ್ ಅವರು ನೈಜ ಸಂಭಾಷಣೆಗಳಿಗೆ ಮಣ್ಣಿನ ಮನುಷ್ಯರನ್ನು ಹೊಂದಿಸುವ ಪ್ರಯೋಗವನ್ನು ಎಪ್ಪತ್ತರ ದಶಕದಲ್ಲೇ ಮಾಡಿದ್ದರು. ಮನುಷ್ಯರ ಜಾಗಕ್ಕೆ ಪ್ರಾಣಿಗಳನ್ನು ತಂದದ್ದು ಪಾರ್ಕ್ ಅವರ ಹೆಚ್ಚುಗಾರಿಕೆ.

ಆ ಒಂದು ಬದಲಾವಣೆಯಿಂದ ಏನಾಗುತ್ತದೆ ಎಂಬುದಕ್ಕೆ ಪ್ಯೂಮಾ ಎಂಬ ಕಾಡುಬೆಕ್ಕನ್ನೇ ನೋಡಿ. ಬ್ರಿಟನ್ನಿನಲ್ಲಿ ನೆಲೆಸಿದ್ದ ಬ್ರೆಜಿಲ್ ದೇಶದ ವಿದ್ಯಾರ್ಥಿಯೊಬ್ಬರು ಅಲ್ಲಿನ ಚಳಿಯನ್ನೂ ಊಟವನ್ನೂ ಇಕ್ಕಟ್ಟನ್ನೂ ಕುರಿತು ಮನಸ್ಸು ಬಿಚ್ಚಿ ದೂರಿದ್ದರು. ಅದೇ ಧ್ವನಿ, ಅದೇ ಉಚ್ಚಾರ, ಕೈ ಬೀಸಿ ಬೀಸಿ ಮಾತನಾಡುವ ಆ ಪ್ಯೂಮಾದ ಬಾಯಿಯಿಂದ ಬಂದಾಗ ನಾವು ನಗುತ್ತೇವೆ. ಆದರೆ ತನಗೆ ಜಾಗ ಬೇಕು ಎಂದು ಅದು ಮತ್ತೆ ಮತ್ತೆ ಹೇಳುವಾಗ, ಬಿಸಿಲಿನ ನಾಡಿನಿಂದ ಬಂದು ಪರದೇಶದಲ್ಲಿ ಮುದುಡಿ ಕುಳಿತವನ ಸಂಕಟವೂ ಬೋನಿನಲ್ಲಿರುವ ಪ್ರಾಣಿಯ ಸಂಕಟವೂ ಒಂದೇ ಮಾತಿನಲ್ಲಿ ಕೇಳಿಸುತ್ತವೆ. ಮಾತನಾಡಿದವರನ್ನು ಗೇಲಿ ಮಾಡದೆ ನಗಿಸುವುದು ಸುಲಭವಲ್ಲ. ಈ ಚಿತ್ರ ನನಗೆ ಪ್ರಿಯವಾಗಿರುವುದು ಆ ಕಾರಣಕ್ಕೇ. ಊಟ, ಬೆಚ್ಚನೆಯ ನೆಲೆ ಮುಂತಾದ ದೇಹಸೌಖ್ಯಗಳಿಗೆ ಇಂಗ್ಲಿಷಿನಲ್ಲಿರುವ ಹೆಸರೇ ಚಿತ್ರದ ಹೆಸರು. ಅದರ ಮೊದಲ ಪದಕ್ಕೆ ‘ಜೀವಿ’ ಎಂಬ ಅರ್ಥವಿರುವುದರಿಂದ ಆ ಹೆಸರು ಎರಡು ಕಡೆಗೂ ಸಲ್ಲುತ್ತದೆ.

ಸುಮಾರು ಐದೇ ನಿಮಿಷದ ಈ ಚಿತ್ರಕ್ಕೆ 1991ರ ಸಮಾರಂಭದಲ್ಲಿ ಆಸ್ಕರ್ ಬಂತು. ಆ ಸಲ ನಾಮನಿರ್ದೇಶನಗೊಂಡ ಇನ್ನೊಂದು ಚಿತ್ರವೂ ಪಾರ್ಕ್ ಅವರದೇ ಆಗಿತ್ತು. 2003ರಲ್ಲಿ ಇದೇ ಮಾದರಿಯ ಸರಣಿ ಬ್ರಿಟನ್ನಿನ ಐಟಿವಿಯಲ್ಲಿ ಪ್ರಸಾರವಾಯಿತು.

ಪ್ರಶ್ನೆ: ನನ್ನ ಮಗಳು ಮೊಬೈಲಿನಲ್ಲಿ ಇಂಥದ್ದೇ ಚಿತ್ರ ಮಾಡಲು ಹೊರಟಿದ್ದಾಳೆ. ಗಣಪತಿ ಮಾಡುವ ಜೇಡಿಮಣ್ಣಿನಿಂದ ಮಾಡಿದ ಆಮೆ ಎರಡನೆಯ ದಿನಕ್ಕೇ ಬಿರುಕು ಬಿಟ್ಟಿತು. ಅವರು ಬಳಸುವುದು ಯಾವ ಮಣ್ಣು?
– ಒಬ್ಬ ತಾಯಿ, ಧಾರವಾಡ

ಉತ್ತರ: ಅದು ನೀರಿನಲ್ಲಿ ಕಲಸಿದ ಮಣ್ಣಲ್ಲ, ಆದ್ದರಿಂದಲೇ ಒಣಗುವುದಿಲ್ಲ. ಪ್ಲಾಸ್ಟಿಸೀನ್ ಎಂಬ ಆ ಮೇಣದಂತಹ ವಸ್ತುವಿನಲ್ಲಿ ನೀರಿನ ಬದಲು ಜಿಡ್ಡಿನ ಅಂಶವಿರುತ್ತದೆ. ಬ್ರಿಸ್ಟಲ್‌ಗೆ ಹತ್ತಿರವಿರುವ ಬಾತ್ ಊರಿನ ಕಲಾಶಿಕ್ಷಕ ವಿಲಿಯಂ ಹಾರ್ಬಟ್ ಅವರು ತಮ್ಮ ವಿದ್ಯಾರ್ಥಿಗಳ ಕೈಗೆ ಒಣಗದ ಮಣ್ಣು ಕೊಡಬೇಕೆಂದು 1897ರಲ್ಲಿ ಅದನ್ನು ರೂಪಿಸಿದರು. ನಿಮ್ಮ ಮಗಳಿಗೆ ಬಂದ ಕಷ್ಟವೇ ಅವರಿಗೂ ಬಂದಿತ್ತು. ಮಕ್ಕಳ ಆಟಕ್ಕೆಂದು ಪುಸ್ತಕದಂಗಡಿಗಳಲ್ಲಿ ಸಿಗುವ ಬಣ್ಣದ ಕ್ಲೇಗಳಲ್ಲಿ ‘ಒಣಗುವುದಿಲ್ಲ’ ಎಂದು ಬರೆದಿರುವುದನ್ನು ಕೊಂಡರೆ ಸಾಕು.

ತಾಳ್ಮೆಯ ಲೆಕ್ಕವನ್ನೂ ಆಕೆಗೆ ಮೊದಲೇ ಹೇಳಿಬಿಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು, ಅಂದರೆ ಬಿಡಿ ಚಿತ್ರಗಳು, ಇರುತ್ತವೆ. ಒಂದೊಂದು ಭಂಗಿಯನ್ನು ಎರಡೆರಡು ಸಲ ತೆಗೆದರೂ ಸೆಕೆಂಡಿಗೆ 12 ಬಾರಿ ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸಬೇಕು. ಅರ್ಧ ನಿಮಿಷದ ಚಿತ್ರಕ್ಕೆ 360 ಬಾರಿ. ಮಾತನಾಡುವ ಗೊಂಬೆಯಾದರೆ ಧ್ವನಿಯನ್ನು ತುಂಡು ತುಂಡಾಗಿ ಕೇಳಿ, ಯಾವ ಚೌಕಟ್ಟಿನಲ್ಲಿ ‘ಆ’, ಯಾವುದರಲ್ಲಿ ‘ಮ’ ಎಂದು ಹಾಳೆಯಲ್ಲಿ ಗುರುತು ಮಾಡಿಕೊಂಡು, ಅದರಂತೆ ಬಾಯಿಯನ್ನು ತಿದ್ದಬೇಕು. ‘ಮ’ಕಾರಕ್ಕೆ ತುಟಿ ಮುಚ್ಚದಿದ್ದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಮಣ್ಣಿನ ಮೇಲೆ ಬೆರಳಚ್ಚು ಉಳಿದರೆ ಚಿಂತೆ ಬೇಡ, ಆರ್ಡ್‌ಮನ್ ಗೊಂಬೆಗಳ ಮೇಲೂ ಅದು ಕಾಣುತ್ತದೆ.

ಆಮೆಯನ್ನು ಹೊಸದಾಗಿ ಮಾಡುವ ಮುನ್ನ, ಮನೆಯಲ್ಲಿ ಅಜ್ಜಿ ಇದ್ದರೆ ಅವರ ಒಪ್ಪಿಗೆ ಪಡೆದು, ಈ ಮನೆಯಲ್ಲಿ ನಿಮಗೆ ಇಷ್ಟವಾದ ಮೂಲೆ ಯಾವುದು ಎಂದು ಕೇಳಿ, ಅವರು ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಮಗಳಿಗೆ ಹೇಳಿ. ಅವರು ನಡುವೆ ಕೆಮ್ಮಿದರೆ ಅದನ್ನು ಕತ್ತರಿಸುವುದು ಬೇಡ, ಆಮೆಯೂ ಕೆಮ್ಮಲಿ.