ರಾಣಿ ಕಣ್ಣು ಮಿಟುಕಿಸಿದ್ದನ್ನು ನೋಡಿದಿರಾ?

ಪತ್ರ: 1963ರ ‘ಕ್ಲಿಯೋಪಾತ್ರಾ’ ನೋಡಿದೆ. ನಾಲ್ಕು ಗಂಟೆ ದಂಡ. ಇತಿಹಾಸ ತಪ್ಪು. ರೋಮ್‌ನ ಸೇನಾನಿ ಆಂಟನಿ ಬಂದ ಮೇಲಂತೂ ಕತೆ ಎಳೆದಾಡುತ್ತದೆ. ದುಡ್ಡಿನ ದರ್ಬಾರು ಬಿಟ್ಟರೆ ಅದರಲ್ಲಿ ಏನಿದೆ? ಇಂಥದ್ದನ್ನು ನೀವು ಯಾಕೆ ಹೊಗಳುತ್ತೀರಿ?
– ಒಬ್ಬ ಓದುಗ

ಉತ್ತರ: ಪೂರ್ತಿ ಕೂತು ನೋಡಿ ಆಮೇಲೆ ಬೈದಿದ್ದೀರಿ, ಸಂತೋಷ. ಈ ಸಿನಿಮಾವನ್ನು ನೋಡದೆಯೇ ಬೈಯುವವರು ಜಾಸ್ತಿ.

ಇತಿಹಾಸದ ತಪ್ಪುಗಳಿವೆ, ಒಪ್ಪಿದೆ. ಈಜಿಪ್ಟಿನ ರಾಣಿ ಕ್ಲಿಯೋಪಾತ್ರಾ ರೋಮ್‌ಗೆ ಮೆರವಣಿಗೆಯಲ್ಲಿ ಬರುವಾಗ ದಾಟುವ ಕಮಾನು ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನನ ಕಮಾನಿನ ಹಾಗಿದೆ. ಅದನ್ನು ಕಟ್ಟಿದ್ದು ಕ್ರಿ.ಶ. 315ರಲ್ಲಿ. ಅಷ್ಟು ಹೊತ್ತಿಗೆ ಆಕೆ ತೀರಿಕೊಂಡು 300 ವರ್ಷ ದಾಟಿತ್ತು.

ಆದರೆ ಆ ಮೆರವಣಿಗೆಯ ಕೊನೆಯನ್ನು ಗಮನಿಸಿದಿರಾ? ಗುಲಾಮರು ಎಳೆದು ತರುವ ದೈತ್ಯ ಸ್ಫಿಂಕ್ಸ್. ಅದರ ಮೇಲೆ ಚಿನ್ನದ ಉಡುಪಿನಲ್ಲಿ ತಾಯಿ, ಮಗ. ರೋಮ್‌ಗೆ ರೋಮೇ ಬಾಯಿ ಬಿಟ್ಟು ನಿಂತಿದೆ. ಅವಳು ಕೆಳಗೆ ಬಂದು ರೋಮ್‌ನ ಒಡೆಯ ಸೀಸರನಿಗೆ ತಲೆಬಾಗುತ್ತಾಳೆ. ಆಮೇಲೆ ಅವನತ್ತ ಕಣ್ಣು ಮಿಟುಕಿಸುತ್ತಾಳೆ! ಈ ಆಡಂಬರವೆಲ್ಲ ರಾಜಕೀಯ ಅಂತ ಅವಳಿಗೂ ಗೊತ್ತು, ಅವನಿಗೂ ಗೊತ್ತು. ಸುರಿದ ದುಡ್ಡಿಗೆ ಅರ್ಥ ಬರುವುದು ಅಲ್ಲೇ.

ಅವಳ ರೂಪಕ್ಕಿಂತ ಮಾತಿಗೇ ಸೆಳೆತ ಜಾಸ್ತಿ ಎಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಅವಳ ಹಿಂದಿನ ರಾಜರು ಈಜಿಪ್ಟಿನ ಭಾಷೆಯನ್ನೇ ಕಲಿತಿರಲಿಲ್ಲವಂತೆ. ಇವಳಿಗೆ ಅದರ ಜೊತೆ ಇನ್ನೂ ಹಲವು ಭಾಷೆ ಬರುತ್ತಿತ್ತು. ಆ ಹೆಂಗಸು ಈ ಸಿನಿಮಾದಲ್ಲಿ ಇದ್ದಾಳೆ. ಅಲೆಕ್ಸಾಂಡ್ರಿಯದ ಗ್ರಂಥಾಲಯಕ್ಕೆ ಬೆಂಕಿ ಬಿದ್ದಾಗ ರಾಣಿಯ ಪಾತ್ರದ ಎಲಿಜಬೆತ್ ಟೇಲರ್ ನುಗ್ಗಿ ಬಂದು ಸೀಸರನನ್ನು ಜಾಡಿಸುವುದನ್ನು ನೆನಪು ಮಾಡಿಕೊಳ್ಳಿ. ಇದನ್ನು ಬಿಟ್ಟು ಕಮಾನಿನ ಇಸವಿ ಹಿಡಿದು ಕೂತರೆ ಹೇಗೆ?

ಇನ್ನು ಆಂಟನಿ. ಅಲ್ಲಿ ಕತೆ ಕುಂಟುವುದು ನಿಜ. ಯಾಕೆ ಅಂತ ಕೇಳಿ. ನಿರ್ದೇಶಕ ಮ್ಯಾಂಕೀವಿಚ್ ಮಾಡಬೇಕೆಂದಿದ್ದದ್ದು ತಲಾ ಮೂರು ಗಂಟೆಯ ಎರಡು ಸಿನಿಮಾ. ಸ್ಟುಡಿಯೊ ಒಪ್ಪಲಿಲ್ಲ. ಎರಡನ್ನೂ ಸೇರಿಸಿ ನಾಲ್ಕು ಗಂಟೆಗೆ ಇಳಿಸಿದರು. ಬಿಡುಗಡೆಯಾದ ಮೇಲೆ ಮತ್ತೆ ಕತ್ತರಿ ಆಡಿಸಿದರು. ಹೆಚ್ಚು ಪೆಟ್ಟು ತಿಂದದ್ದು ರಿಚರ್ಡ್ ಬರ್ಟನ್ ಮಾಡಿದ ಆಂಟನಿ. ಒಬ್ಬ ನಟನ ಕೆಲಸವನ್ನು ಹೀಗೆ ಕತ್ತರಿಸಿ, ಆಮೇಲೆ ಅವನ ಪಾತ್ರವೇ ಸಪ್ಪೆ ಅನ್ನುವುದು ಅನ್ಯಾಯ.

ಆದರೂ ಜನ ಮಾತಾಡುವುದು ಏನನ್ನು? ಲಂಡನ್ ಬಳಿ ಕಟ್ಟಿದ ಸೆಟ್ ಬಿಟ್ಟು ರೋಮ್‌ನಲ್ಲಿ ಮತ್ತೆ ಕಟ್ಟಿದ್ದು, ಟೇಲರ್ ಕಾಯಿಲೆ, 4.4 ಕೋಟಿ ಡಾಲರ್ ಖರ್ಚು. ಆ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಗಳಿಸಿದ ಸಿನಿಮಾ ಇದೇ. 4 ಆಸ್ಕರ್ ಕೂಡ ಬಂತು. ಅದು ಯಾರ ಬಾಯಲ್ಲೂ ಬರುವುದಿಲ್ಲ. ಈಗಂತೂ ಸಿನಿಮಾ ಅಂದರೆ ಮೊದಲ ದಿನದ ಕಲೆಕ್ಷನ್ ಅನ್ನುವ ಹಾಗಾಗಿದೆ. ನಮಗೆ ಬರುವ ವಿಮರ್ಶೆಗಳಲ್ಲೂ ಮೊದಲ ಪ್ಯಾರಾ ಬಜೆಟ್ಟಿನದ್ದೇ. ನಾನು ಹೊಡೆದು ಹಾಕುತ್ತೇನೆ, ಮುಂದಿನ ಸಲ ಮತ್ತೆ ಬಂದಿರುತ್ತದೆ. ನಟರು ಹೇಗೆ ಮಾತಾಡಿದರು, ಯಾವ ದೃಶ್ಯ ಮನಸ್ಸಿಗೆ ತಟ್ಟಿತು ಅಂತ ಬರೆಯಲು ಏನು ಕಷ್ಟ?

ನಿಮ್ಮ ಪತ್ರದಲ್ಲೂ ಆ ದುಡ್ಡಿನ ಮಾತು ನುಸುಳಿದೆ ನೋಡಿ. ದಯವಿಟ್ಟು ಉತ್ತರಾರ್ಧವನ್ನು ಇನ್ನೊಂದು ಸಲ ನೋಡಿ. ಆಕ್ಟಿಯಂ ಕಡಲಯುದ್ಧದಲ್ಲಿ ಆಂಟನಿ ತನ್ನವರನ್ನು ಸಾಯಲು ಬಿಟ್ಟು ಅವಳ ಹಡಗಿನ ಹಿಂದೆ ಹೋಗುತ್ತಾನಲ್ಲ, ಅಲ್ಲಿಂದ ಮುಂದೆ ಬರ್ಟನ್ ಮುಖವನ್ನೇ ಗಮನಿಸಿ. ಆಮೇಲೂ ಬೇಜಾರು ಅನ್ನಿಸಿದರೆ ಬರೆಯಿರಿ, ಒಂದಕ್ಷರ ಬಿಡದೆ ಹಾಕುತ್ತೇನೆ.

– ಸಂಪಾದಕ