ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ: ಇಷ್ಟನಾ ಅಂದರೆ…

ನೀವು ಕೇಳಿದ್ದು ಇಷ್ಟು: "ಹೊಟ್ಟೆಪಾಡಿಗೆ ಏನು ಕೆಲಸ ಮಾಡುತ್ತೀರಿ? ಅದು ನಿಜಕ್ಕೂ ಇಷ್ಟನಾ, ಇಲ್ಲ ಸಂಬಳಕ್ಕೋಸ್ಕರ ಸುಮ್ನೆ ಮಾಡ್ತಿದ್ದೀರಾ? ಬೇರೆ ಏನಾದರೂ ಸಿಕ್ಕರೆ ಬಿಟ್ಟು ಹೋಗ್ತೀರಾ?"

ನಾನು ಲಿಫ್ಟ್ ಮೆಕ್ಯಾನಿಕ್. ಹೊಸ ಲಿಫ್ಟ್ ಕೂರಿಸುವ ಕಡೆಯಲ್ಲ, ಸರ್ವಿಸ್ ಕಡೆ. ಓಡುತ್ತಿರುವ ಲಿಫ್ಟ್ ನಿಲ್ಲದ ಹಾಗೆ ನೋಡಿಕೊಳ್ಳುವುದು, ನಿಂತರೆ ಹೋಗಿ ಯಾಕೆ ನಿಂತಿತು ಅಂತ ಹುಡುಕುವುದು. ಇಷ್ಟನಾ ಅಂದರೆ, ಯಂತ್ರ ಇಷ್ಟ, ಗಡಿಯಾರ ಇಷ್ಟ ಇಲ್ಲ. ಗಡಿಯಾರದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಂಬಳದ ಮಾತು ಮೊದಲು ಮುಗಿಸಿಬಿಡೋಣ. ಸಂಬಳ ನಿಂತರೆ ನಾಳೆಯಿಂದ ಹೋಗುವುದಿಲ್ಲ. ಯಾರು ತಾನೇ ಹೋಗ್ತಾರೆ? ಆದರೆ ಇದೇ ಸಂಬಳಕ್ಕೆ ಬೇರೆ ಕೆಲಸವೂ ಸಿಗುತ್ತಿತ್ತು. ಇಲ್ಲೇ ಉಳಿದದ್ದಕ್ಕೆ ಕಾರಣ ಬೇರೆ.

ಲಿಫ್ಟ್ ರಿಪೇರಿ ಅಂದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ, "ರೋಪ್ ಕಿತ್ತು ಹೋದರೆ?" ಅಂತ. ಕೇಳುವಾಗ ಮುಖದಲ್ಲಿ ಸ್ವಲ್ಪ ಖುಷಿಯೂ ಇರುತ್ತದೆ, ಭೂತದ ಕಥೆ ಕೇಳುವವರ ಹಾಗೆ. ರೋಪ್ ಒಂದೇ ಇರುವುದಿಲ್ಲ, ಸಾಮಾನ್ಯವಾಗಿ ನಾಲ್ಕೈದು ಇರುತ್ತವೆ. ಯುರೋಪಿನ ನಿಯಮದ ಪ್ರಕಾರ, ಮೂರು ಅಥವಾ ಹೆಚ್ಚು ರೋಪ್ ಇರುವ ಲಿಫ್ಟ್‌ನಲ್ಲಿ ಅವು ಹೊರಬೇಕಾದ ಭಾರದ ಕನಿಷ್ಠ 12 ಪಟ್ಟು ತಡೆಯುವಷ್ಟು ಗಟ್ಟಿ ಇರಬೇಕು. ಹಾಗಿದ್ದೂ ಎಲ್ಲವೂ ಒಟ್ಟಿಗೆ ಹೋದವು ಅಂತಲೇ ಇಟ್ಟುಕೊಳ್ಳಿ. ಓವರ್‌ಸ್ಪೀಡ್ ಗವರ್ನರ್ ಅಂತ ಒಂದು ಚಕ್ರ ಇದೆ. ಲಿಫ್ಟ್ ಮಿತಿ ಮೀರಿ ವೇಗವಾಗಿ ಇಳಿದರೆ ಅದು ತನ್ನ ಹಗ್ಗವನ್ನು ಹಿಡಿದುಬಿಡುತ್ತದೆ. ಆ ಎಳೆತಕ್ಕೆ ಲಿಫ್ಟ್‌ನ ಅಡಿಯಲ್ಲಿರುವ ಸೇಫ್ಟಿ ಗೇರ್ ಎರಡೂ ಪಕ್ಕದ ಕಬ್ಬಿಣದ ಗೈಡ್ ರೈಲನ್ನು ಕಚ್ಚಿ ಹಿಡಿಯುತ್ತದೆ. ಇದಕ್ಕೆ ಕರೆಂಟ್ ಬೇಡ, ಕಂಪ್ಯೂಟರ್ ಬೇಡ, ನಾನೂ ಬೇಡ.

1854ರಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಲಿಫ್ಟ್‌ಗೆ ಸೇಫ್ಟಿ ಬ್ರೇಕ್ ಮಾಡಿದ ಎಲಿಶಾ ಓಟಿಸ್ ತಾನೇ ಒಂದು ಅಟ್ಟಣೆ ಮೇಲೆ ನಿಂತು, ಅದನ್ನು ಎತ್ತರಕ್ಕೆ ಏರಿಸಿಕೊಂಡು, ಜನರ ಎದುರೇ ಹಗ್ಗ ಕಡಿಸಿದ. ಅಟ್ಟಣೆ ಸ್ವಲ್ಪ ಜಾರಿ ಅಲ್ಲೇ ನಿಂತಿತು. ಮೂರು ವರ್ಷಕ್ಕೆ, 1857ರಲ್ಲಿ, ಅದೇ ಊರಿನ ಐದು ಅಂತಸ್ತಿನ ಒಂದು ಅಂಗಡಿ ಕಟ್ಟಡಕ್ಕೆ ಅವನ ಪ್ಯಾಸೆಂಜರ್ ಲಿಫ್ಟ್ ಬಂತು. ಮೊದಲು ಎತ್ತುವ ಯಂತ್ರ ಇರಲಿಲ್ಲವೇ ಅಂದರೆ, ಇತ್ತು. ಜನ ಧೈರ್ಯವಾಗಿ ಹತ್ತುವ ಯಂತ್ರ ಇರಲಿಲ್ಲ. ಇಷ್ಟೆಲ್ಲ ಇದ್ದೂ ಲಿಫ್ಟ್ ಬಿದ್ದ ಘಟನೆ ಇಲ್ಲವೇ ಅಂತ ಕೇಳಿದರೆ ನಾನು 1945ರದ್ದು ಹೇಳುತ್ತೇನೆ. ಮಂಜು ಕವಿದ ದಿನ ಒಂದು ಬಾಂಬರ್ ವಿಮಾನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಗುದ್ದಿತು. ಆ ಹೊಡೆತಕ್ಕೆ ರೋಪ್‌ಗಳು ಹಾಳಾಗಿ, ಬೆಟ್ಟಿ ಲೂ ಆಲಿವರ್ ಎಂಬ ಲಿಫ್ಟ್ ಆಪರೇಟರ್ ಇದ್ದ ಲಿಫ್ಟ್ 75 ಅಂತಸ್ತು ಕೆಳಗೆ ಬಿತ್ತು. ತುಂಬಾ ಪೆಟ್ಟಾಯಿತು, ಆದರೆ ಬದುಕಿದರು. ಲಿಫ್ಟ್ ಬೀಳಿಸಲು ವಿಮಾನವೇ ಬರಬೇಕಾಯಿತು, ನೋಡಿ.

ಇನ್ನೊಂದು ಸಂಗತಿ ಹೇಳಿದರೆ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ರೋಪ್ ಲಿಫ್ಟ್ ಖಾಲಿ ಇದ್ದಾಗ ಬ್ರೇಕ್ ಬಿಟ್ಟರೆ ಅದು ಕೆಳಗಿಳಿಯುವುದಿಲ್ಲ, ಮೇಲಕ್ಕೆ ಹೋಗುತ್ತದೆ. ರೋಪ್‌ನ ಆ ಕಡೆ ತುದಿಗೆ ಕೌಂಟರ್‌ವೇಟ್ ಇದೆ. ಖಾಲಿ ಲಿಫ್ಟ್‌ನ ತೂಕ, ಜೊತೆಗೆ ಪೂರ್ತಿ ಲೋಡ್‌ನ ಹತ್ತತ್ತಿರ ಅರ್ಧ, ಅಷ್ಟು ಭಾರ ಅದರಲ್ಲಿ ಇರುತ್ತದೆ. ಹಾಗಾಗಿ ಲಿಫ್ಟ್ ಅರ್ಧ ತುಂಬಿದಾಗ ಮೋಟರ್‌ಗೆ ಅತಿ ಕಡಿಮೆ ಕೆಲಸ. ಬ್ರೇಕ್ ಕೂಡ ನಾವು ಅಂದುಕೊಂಡದ್ದಕ್ಕೆ ಉಲ್ಟಾ. ಕರೆಂಟ್ ಬಂದಾಗ ಬ್ರೇಕ್ ಬಿಡುತ್ತದೆ, ಹೋದಾಗ ಸ್ಪ್ರಿಂಗ್ ಅದನ್ನು ಒತ್ತಿ ಹಿಡಿಯುತ್ತದೆ. ಇದನ್ನೆಲ್ಲ ಕಲಿಯುವ ಮುಂಚೆ ನನಗೆ ಈ ಕೆಲಸ ಬರೀ ಗ್ರೀಸ್, ಧೂಳು, ಬೈಗುಳ. ಯಂತ್ರ ಯಾಕೆ ಹೀಗಿದೆ ಅಂತ ತಿಳಿಯುತ್ತಾ ಹೋದ ಮೇಲೆ ಇಷ್ಟ ಶುರುವಾಯಿತು. "ಇಷ್ಟ ಇರುವ ಕೆಲಸ ಹುಡುಕಿಕೋ" ಅಂತ ಎಲ್ಲರೂ ಹೇಳ್ತಾರಲ್ಲ, ನನ್ನ ವಿಷಯದಲ್ಲಿ ಅದು ಹಿಂದುಮುಂದಾಯಿತು.

ದಿನನಿತ್ಯದ ಕೆಲಸದಲ್ಲಿ ರೋಪ್ ಬರುವುದು ಕಡಿಮೆ. ಜಾಸ್ತಿ ಬರುವುದು ಬಾಗಿಲು. ಒಂದು ಲಿಫ್ಟ್ ದಿನಕ್ಕೆ ನೂರಾರು ಸಲ ಬಾಗಿಲು ತೆಗೆದು ಮುಚ್ಚುತ್ತದೆ. ಬಾಗಿಲು ಜಾರುವ ಸಿಲ್‌ನ ಸಂದಿಯಲ್ಲಿ ಒಂದು ಸಣ್ಣ ಕಲ್ಲು, ಅಂಗಿಯ ಗುಂಡಿ, ಹೇರ್‌ಪಿನ್ ಸಿಕ್ಕಿಕೊಂಡರೆ ಸಾಕು. ಪ್ರತಿ ಅಂತಸ್ತಿನ ಬಾಗಿಲಿಗೂ, ಅದು ಮುಚ್ಚಿದಾಗ ಕರೆಂಟ್ ಕೂಡಿಸುವ ಒಂದು ಕಾಂಟ್ಯಾಕ್ಟ್ ಇರುತ್ತದೆ. ಅವೆಲ್ಲ, ಜೊತೆಗೆ ಗವರ್ನರ್ ಸ್ವಿಚ್, ಲಿಫ್ಟ್ ಓಡುವ ದಾರಿಯ ತಳದ ಗುಂಡಿಯಲ್ಲಿರುವ ಪಿಟ್ ಸ್ವಿಚ್ ಎಲ್ಲ ಒಂದೇ ಸಾಲಿನಲ್ಲಿ ಕೂಡಿಕೊಂಡಿವೆ. ಅದರಲ್ಲಿ ಯಾವುದಾದರೂ ಒಂದು ಕೂದಲೆಳೆಯಷ್ಟು ಬಿಟ್ಟುಕೊಂಡರೂ ಲಿಫ್ಟ್ ನಿಲ್ಲುತ್ತದೆ. ನಿಲ್ಲಲೇಬೇಕು. ಜನ "ಲಿಫ್ಟ್ ಕೆಟ್ಟಿದೆ" ಅಂತ ಬೈಯುವಾಗ ಎಷ್ಟೋ ಸಲ ಅದು ಮಾಡಬೇಕಾದ ಕೆಲಸವನ್ನೇ ಮಾಡಿರುತ್ತದೆ.

ಪೂರ್ತಿ ಕೆಟ್ಟ ಲಿಫ್ಟ್ ಸುಲಭ. ಆಗಾಗ ಕೆಡುವುದೇ ಕಷ್ಟ. ನಾವು ಹೋದಾಗ ಸರಿಯಾಗಿ ಓಡುತ್ತದೆ, ಬೆನ್ನು ಹಾಕಿದ ಕೂಡಲೇ ಫೋನ್ ಬರುತ್ತದೆ. ಒಂದು ಕಟ್ಟಡದಲ್ಲಿ ಹೀಗೇ ಕಾಡಿಸಿತು. ಒಂದೇ ಅಂತಸ್ತಿನಲ್ಲಿ, ಸಂಜೆ ಹೊತ್ತು ಮಾತ್ರ, ಬಾಗಿಲು ಮುಚ್ಚಲು ಬರುತ್ತಿತ್ತು, ಮತ್ತೆ ತೆಗೆದುಕೊಳ್ಳುತ್ತಿತ್ತು. ನಮ್ಮವರು ಸೆನ್ಸರ್ ಬದಲಿಸಿದರು, ವೈರ್ ಬದಲಿಸಿದರು, ಸಿಲ್ ಉಜ್ಜಿದರು. ಏನೂ ಉಪಯೋಗ ಆಗಲಿಲ್ಲ. ಅಲ್ಲಿನ ವಾಚ್‌ಮನ್ ಅಂತೂ "ಅದಕ್ಕೆ ಸಂಜೆ ಹೊತ್ತು ಏನೋ ಆಗುತ್ತೆ ಸರ್" ಅಂತ ತೀರ್ಮಾನ ಮಾಡಿಬಿಟ್ಟಿದ್ದ. ಸಂಜೆಯವರೆಗೆ ಅಲ್ಲೇ ನಿಲ್ಲುತ್ತೇನೆ ಅಂತ ನಾನು ಹಟ ಮಾಡಿದೆ. ಬಾಗಿಲ ಎರಡೂ ಅಂಚಿಗೆ ಉದ್ದ ಸೆನ್ಸರ್ ಪಟ್ಟಿ ಇರುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಸೇರಬೇಕು. ನಡುವೆ ಕೈ ಬಂದರೆ ಬಾಗಿಲು ತೆಗೆದುಕೊಳ್ಳುತ್ತದೆ. ಆ ಅಂತಸ್ತಿನಲ್ಲಿ ಲಿಫ್ಟ್ ಎದುರಿಗೇ ದೊಡ್ಡ ಗಾಜಿನ ಕಿಟಕಿ. ಸೂರ್ಯ ಇಳಿಯುತ್ತಾ ಬಂದಾಗ ಬಿಸಿಲು ಓರೆಯಾಗಿ ಒಳಗೆ ಬಂದು, ನೆಲದ ಮೇಲೆ ಹರಿದು, ನೇರ ಸೆನ್ಸರ್ ಕಣ್ಣಿಗೆ ಬಿತ್ತು. ಬಾಗಿಲು ತೆಗೆದುಕೊಂಡಿತು! ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಸೆನ್ಸರ್ ಗಲಿಬಿಲಿಯಾಗುತ್ತಿತ್ತು. ಕೈಯಲ್ಲಿದ್ದ ರಟ್ಟಿನ ತುಂಡು ಅಡ್ಡ ಹಿಡಿದೆ, ಬಾಗಿಲು ಮುಚ್ಚಿಕೊಂಡಿತು. ತೆಗೆದೆ, ಮತ್ತೆ ಅದೇ ಆಟ. ಕೊನೆಗೆ ಕಿಟಕಿಗೆ ಒಂದು ಪರದೆ ಹಾಕಿಸಿದರು, ಅಷ್ಟೇ ರಿಪೇರಿ. ಆ ಸಂಜೆ ಮನೆಗೆ ಹೋಗುವಾಗ ನನಗಿದ್ದ ಖುಷಿಗೆ ಸಂಬಳ ಹೆಚ್ಚಾದ ದಿನವೂ ಸಮ ಬರುವುದಿಲ್ಲ.

ಈಗ ಗಡಿಯಾರ. ಬೆಳಿಗ್ಗೆ ನಮಗೊಂದು ಪಟ್ಟಿ ಬರುತ್ತದೆ, ಇವತ್ತು ಇಷ್ಟು ಲಿಫ್ಟ್ ಸರ್ವಿಸ್ ಮುಗಿಸಬೇಕು ಅಂತ. ಆ ಪಟ್ಟಿ ಬರೆಯುವವರು ಶಾಫ್ಟ್, ಅಂದರೆ ಲಿಫ್ಟ್ ಓಡುವ ಬಾವಿಯ ಒಳಗೆ ಇಳಿದವರಲ್ಲ. ರೋಪ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಲಿಫ್ಟ್‌ನ ತಲೆ ಮೇಲೆ ನಿಂತು, ಇನ್‌ಸ್ಪೆಕ್ಷನ್ ಮೋಡ್‌ಗೆ ಹಾಕಿ, ನಿಧಾನವಾಗಿ ಓಡಿಸಿ, ನಿಲ್ಲಿಸಿ, ರೋಪ್‌ನ ಪ್ರತಿ ಭಾಗವನ್ನೂ ಕಣ್ಣಿಟ್ಟು ನೋಡಬೇಕು. ಎಲ್ಲಾದರೂ ತಂತಿಯ ಎಳೆ ತುಂಡಾಗಿ ಹೊರಗೆ ಚಾಚಿದೆಯೇ? ರೋಪ್ ಸಣ್ಣಗಾಗಿದೆಯೇ? ಕೆಂಪು ಪುಡಿ ಕೂತಿದೆಯೇ? ಆ ಕೆಂಪು ಪುಡಿ ಅಂದರೆ ಒಳಗಿನ ಎಳೆಗಳು ಒಂದಕ್ಕೊಂದು ಉಜ್ಜಿ ಸವೆಯುತ್ತಿವೆ ಅಂತ. ಇದು ಅವಸರದಲ್ಲಿ ಆಗುವ ಕೆಲಸ ಅಲ್ಲ. ಆದರೆ ಪಟ್ಟಿಯ ಪ್ರಕಾರ ಹೋದರೆ ಒಂದು ಲಿಫ್ಟ್‌ಗೆ ಸಿಗುವ ಹೊತ್ತಿನಲ್ಲಿ ಸಿಲ್ ಗುಡಿಸಿ, ಬ್ರೇಕ್ ನೋಡಿ, ಕಾರ್ಡ್ ತುಂಬಿಸುವುದಕ್ಕೇ ಸಾಕಾಗುತ್ತದೆ. ಕಾರ್ಡ್‌ನಲ್ಲಿ ಮಾತ್ರ ರೋಪ್‌ಗೂ ಒಂದು ಚೌಕ ಇದೆ. ಅಲ್ಲೂ ಟಿಕ್ ಬೀಳಬೇಕು.

ನನಗೆ ಸುಸ್ತು ಆಗುವುದು ಇಲ್ಲಿ. ಮೆಟ್ಟಿಲು ಹತ್ತಿ ಅಲ್ಲ, ಪಿಟ್‌ನಲ್ಲಿ ಬಗ್ಗಿ ಅಲ್ಲ. ಸರಿಯಾಗಿ ಮಾಡುವುದು ಗೊತ್ತಿದ್ದೂ ಅರ್ಧಂಬರ್ಧ ಮಾಡಿ ಬರಬೇಕು ಅಂದಾಗ. ನಾನು ರೋಪ್ ನೋಡದೆ ಟಿಕ್ ಹಾಕುವುದಿಲ್ಲ, ಆದ್ದರಿಂದ ನನ್ನ ಪಟ್ಟಿ ಬಹುತೇಕ ದಿನ ಮುಗಿಯುವುದಿಲ್ಲ. ಮುಗಿಯಲಿಲ್ಲ ಯಾಕೆ ಅಂತ ಮಾರನೇ ದಿನ ಕೇಳುತ್ತಾರೆ. ಹೇಳುತ್ತೇನೆ. ಮತ್ತೆ ಅಷ್ಟೇ ಉದ್ದದ ಪಟ್ಟಿ ಕೊಡುತ್ತಾರೆ. ನರ್ಸ್ ಕೆಲಸದ, ಟೀಚರ್ ಕೆಲಸದ ಗೆಳೆಯರ ಹತ್ತಿರ ಮಾತಾಡಿದರೆ ಅವರದ್ದೂ ಇದೇ ಗೋಳು. ರೋಗಿ ಬೇಜಾರಿಲ್ಲ, ಮಕ್ಕಳು ಬೇಜಾರಿಲ್ಲ, ಅವರ ಹತ್ತಿರ ನಿಲ್ಲಲು ಹೊತ್ತು ಕೊಡುವುದಿಲ್ಲ ಅನ್ನುವುದೇ ಬೇಜಾರು. "ಕೆಲಸ ಇಷ್ಟ ಇಲ್ಲ" ಅನ್ನುವವರ ಮಾತು ಸರಿಯಾಗಿ ಕೇಳಿಸಿಕೊಳ್ಳಿ, ಅರ್ಧ ಜನ ಕೆಲಸವನ್ನು ಬೈಯುತ್ತಿರುವುದಿಲ್ಲ.

ಹೆದರಿಕೆ ಇಲ್ಲವೇ ಅಂತ ಕೇಳುವವರೂ ಇದ್ದಾರೆ. ಇದೆ, ಇರಬೇಕು. ಲಿಫ್ಟ್ ಬೀಳುತ್ತದೆ ಅಂತ ಅಲ್ಲ, ನಾನು ಮೇಲಿದ್ದಾಗ ಹೊರಡುತ್ತದೆ ಅಂತ. ಕೌಂಟರ್‌ವೇಟ್ ಎದುರಿನಿಂದ ಸದ್ದಿಲ್ಲದೆ ಬಂದು ಹಾದುಹೋಗುತ್ತದೆ, ಆಗ ತಲೆ ಅಂಚಿನಿಂದ ಹೊರಗೆ ಚಾಚಿರಬಾರದು. ಅದಕ್ಕೇ ಹತ್ತುವ ಮುಂಚೆ ಸ್ಟಾಪ್ ಸ್ವಿಚ್ ಒತ್ತಿ, ಬಾಗಿಲು ಮುಚ್ಚಿ, ಲಿಫ್ಟ್ ನಿಜವಾಗಿ ಹೊರಡುವುದಿಲ್ಲ ಅಂತ ಪರೀಕ್ಷೆ ಮಾಡಿ, ಆಮೇಲೆ ಕಾಲಿಡುತ್ತೇವೆ. ಪ್ರತಿ ಸಲ.

ಒಳಗೆ ಸಿಕ್ಕಿಕೊಂಡವರನ್ನು ಬಿಡಿಸುವುದು ಕೆಲಸದ ಇನ್ನೊಂದು ಮುಖ. ಕೇಳಿದ್ದಕ್ಕೆ ಸಂಬಂಧ ಇಲ್ಲ, ಆದರೂ ಹೇಳಿಬಿಡುತ್ತೇನೆ: ಸಿಕ್ಕಿಕೊಂಡರೆ ಬಾಗಿಲು ಬಲವಂತವಾಗಿ ತೆಗೆದು ಹಾರಬೇಡಿ. ಒಳಗೆ ಗಾಳಿ ಮುಗಿಯುವುದಿಲ್ಲ, ಲಿಫ್ಟ್ ಗಾಳಿಯಾಡದ ಪೆಟ್ಟಿಗೆ ಅಲ್ಲ. ಎರಡು ಅಂತಸ್ತಿನ ನಡುವೆ ನಿಂತ ಲಿಫ್ಟ್‌ನಿಂದ ಜಾರಿ ಕೆಳಗಿನ ಶಾಫ್ಟ್‌ಗೆ ಬೀಳುವುದೇ ನಿಜವಾದ ಅಪಾಯ. ಅಲಾರಂ ಒತ್ತಿ, ಕೂತುಕೊಳ್ಳಿ. ಹೊರಗಿನಿಂದ ನಾವು ಮಾತಾಡಿಸುತ್ತಾ ಇರುತ್ತೇವೆ. ಬಾಗಿಲು ತೆಗೆದಾಗ ಕೆಲವರು ಕೈ ಹಿಡಿದು ಥ್ಯಾಂಕ್ಸ್ ಹೇಳುತ್ತಾರೆ. ಕೆಲವರು ನೇರವಾಗಿ ಬೈಗುಳಕ್ಕೆ ಇಳಿಯುತ್ತಾರೆ. ಬಹಳಷ್ಟು ಜನ ತಲೆಗೂದಲು ಸರಿಮಾಡಿಕೊಂಡು, ಫೋನ್ ನೋಡುತ್ತಾ, ಏನೂ ಆಗೇ ಇಲ್ಲ ಅನ್ನುವ ಹಾಗೆ ಹೊರಟುಬಿಡುತ್ತಾರೆ. ನನಗೆ ಅವರೇ ಇಷ್ಟ.

ಈ ಕೆಲಸ ಉಳಿಯುತ್ತದಾ ಅನ್ನುವ ಯೋಚನೆಯೂ ಬರುತ್ತದೆ. ಲಿಫ್ಟ್‌ನಿಂದಲೇ ಒಂದು ಇಡೀ ಕಸುಬು ಹೋಗಿದೆ ಅಲ್ವಾ. ಹಿಂದೆ ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ಓಡಿಸಲು ಸಾಮಾನ್ಯವಾಗಿ ಒಳಗೊಬ್ಬ ಆಪರೇಟರ್ ಇರುತ್ತಿದ್ದ. 1945ರಲ್ಲಿ ನ್ಯೂಯಾರ್ಕ್‌ನ ಆಪರೇಟರ್‌ಗಳು ಮುಷ್ಕರ ಹೂಡಿದಾಗ ಎತ್ತರದ ಕಟ್ಟಡಗಳ ವ್ಯವಹಾರವೇ ನಿಂತುಹೋಗಿತ್ತು. ಆಮೇಲೆ ತಾನೇ ಓಡುವ ಲಿಫ್ಟ್‌ಗಳು ಎಲ್ಲೆಡೆ ಬಂದವು. ಜೇಮ್ಸ್ ಬೆಸೆನ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ 1950ರ ಜನಗಣತಿಯಲ್ಲಿದ್ದ ಸುಮಾರು 270 ಕಸುಬುಗಳನ್ನು ಇಟ್ಟುಕೊಂಡು ನೋಡಿದ ಪ್ರಕಾರ, 2010ರ ಹೊತ್ತಿಗೆ ಯಂತ್ರ ಪೂರ್ತಿ ನುಂಗಿದ್ದು ಈ ಆಪರೇಟರ್ ಕೆಲಸ ಒಂದನ್ನೇ. ಈಗ ಲಿಫ್ಟ್‌ಗಳು ತಾವೇ ದೂರದ ಆಫೀಸಿಗೆ "ನನಗೆ ಹೀಗಾಗಿದೆ" ಅಂತ ಸಂದೇಶ ಕಳಿಸುತ್ತವೆ. ಕಳಿಸಲಿ. ಸಿಲ್‌ನಿಂದ ಹೇರ್‌ಪಿನ್ ತೆಗೆಯಲು ಇನ್ನೂ ಯಾರಾದರೂ ಹೋಗಲೇಬೇಕು.

ಕೊನೆಯ ಪ್ರಶ್ನೆ, ಬೇರೆ ಸಿಕ್ಕರೆ ಬಿಡ್ತೀರಾ ಅಂತ. ಬೇರೆ ಕಸುಬಿಗೆ ಹೋಗುವ ಆಸೆ ಇಲ್ಲ. ಆಫೀಸಿನಲ್ಲಿ ಕೂತು ದಿನದ ಪಟ್ಟಿ ಮಾಡುವ ಕೆಲಸಕ್ಕೆ ಒಮ್ಮೆ ಕರೆದಿದ್ದರು, ಸಂಬಳವೂ ಜಾಸ್ತಿ ಇತ್ತು, ಬೇಡ ಅಂದೆ. ಮೊಣಕಾಲು ಹೀಗೇ ಸದ್ದು ಮಾಡುತ್ತಿದ್ದರೆ ಮುಂದೊಂದು ದಿನ ಒಪ್ಪಿಕೊಳ್ಳಬೇಕಾಗಬಹುದು. ಒಪ್ಪಿಕೊಂಡರೆ ಮೊದಲ ದಿನವೇ ಎಲ್ಲರ ಪಟ್ಟಿಯಿಂದ ನಾಲ್ಕು ನಾಲ್ಕು ಲಿಫ್ಟ್ ತೆಗೆದುಹಾಕುತ್ತೇನೆ. ಎರಡನೇ ದಿನ ನನ್ನನ್ನು ಮತ್ತೆ ಶಾಫ್ಟ್‌ಗೆ ಕಳಿಸುತ್ತಾರೆ.